ಮುದ್ದಾದ ಅಕ್ಷರದ ‘ಒಪ್ಪಿಗೆ ಇಲ್ಲ’

ಆ ಹಾಳು ಹಾಳೆಗಳನ್ನು ಮನೆಗೆ ತಂದವಳು ನಾನೇ.

ನಮ್ಮ ವಿಮಾ ಕಚೇರಿಯಲ್ಲಿ ಒಂದು ದಿನದ ತರಬೇತಿ ಇತ್ತು. ಟೈ ಕಟ್ಟಿಕೊಂಡು ಬಂದವನೊಬ್ಬ, ಮಾಡುವ ಕೆಲಸಕ್ಕೂ ಬದುಕಿನ ಗುರಿಗೂ ತಾಳೆಯಾಗಬೇಕು ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ತಲೆ ಕೊರೆದು, ಕೊನೆಗೆ ಎಲ್ಲರಿಗೂ ಒಂದೊಂದು ಹಾಳೆ ಹಂಚಿದ. ಅದರಲ್ಲಿ ಮೂರೇ ಪ್ರಶ್ನೆ. ಮುಂದೆ ಏನಾಗಬೇಕೆಂದಿದ್ದೀರಿ? ಅದಕ್ಕಾಗಿ ಈವರೆಗೆ ಏನು ಮಾಡಿದ್ದೀರಿ? ಅಡ್ಡ ಬಂದದ್ದು ಏನು? ನಾನು ಹೆಸರೊಂದನ್ನು ಬರೆದು ಉಳಿದದ್ದನ್ನು ಖಾಲಿ ಬಿಟ್ಟೆ. ಮಿಕ್ಕಿದ್ದ ಮೂರು ಹಾಳೆಗಳನ್ನು ಮಾತ್ರ ಬ್ಯಾಗಿಗೆ ತುರುಕಿಕೊಂಡೆ. ಪುಕ್ಕಟೆ ಸಿಕ್ಕಿದ್ದನ್ನು ಬಿಟ್ಟು ಬರುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಭಾನುವಾರ ಮಧ್ಯಾಹ್ನ ಊಟ ಮುಗಿಯುತ್ತಿದ್ದಾಗ ತಮಾಷೆಗೆಂದು ಮೂವರಿಗೂ ಹಂಚಿದೆ.

"ನಾನು ಮುಂದೆ ಗೋಡೆ ಮೇಲೆ ಫೋಟೋ ಆಗ್ತೀನಿ, ಹಾಗೇ ಬರ್ಕೋ," ಎಂದಳು ಅಜ್ಜಿ. ಅಪ್ಪನ ತಾಯಿ ಅವಳು, ಓದು ಬರಹ ಬಾರದು, ಬಾಯಿಗೆ ಮಾತ್ರ ಬರವಿಲ್ಲ. "ಫ್ರೇಮು ಒಳ್ಳೇದು ಹಾಕ್ಸಿ. ನಿಮ್ಮಪ್ಪನ ಕೈಗೆ ಕೊಟ್ರೆ ಅಂಗಡಿ ಕ್ಯಾಲೆಂಡರ್‌ದೇ ಕಿತ್ತು ಹಾಕ್ತಾನೆ."

ಅಪ್ಪ ಟೈಲರ್. ‘ಸ್ವಂತ ಮನೆ’ ಎಂದು ಎರಡೇ ಪದ ಗೀಚಿ ಮತ್ತೆ ತಟ್ಟೆಗೆ ಕೈ ಹಾಕಿದ.

ಅಮ್ಮ ಮಾತ್ರ ಕೈ ತೊಳೆದು ಬಂದು, ಸೆರಗಿಗೆ ಒರೆಸಿಕೊಂಡು, ನನ್ನ ಪೆನ್ನು ಕೇಳಿದಳು. ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಅವಳದು. ಓದಿದ್ದು ಏಳನೇ ತರಗತಿ. ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುತ್ತಾಳೆ, ಬರೆಯುವುದು ಅದಕ್ಕಿಂತ ನಿಧಾನ. ಕಾಲು ಗಂಟೆ ಬರೆದಳು. ನಾನು ಇಣುಕಿ ನೋಡಿದೆ.

‘ಸಮುದ್ರದ ಬಸ್ಸು ಓಡಿಸಬೇಕು. ಎರಡು ಸಲ ಅರ್ಜಿ ಹಾಕಿದೆ. ಅವರು ತಗೊಳ್ಳಲಿಲ್ಲ.’

ಸಮುದ್ರದ ಬಸ್ಸು ಎಂದರೆ ನಮ್ಮ ಡಿಪೋದಿಂದ ಹೊರಡುವ ಅತಿ ದೂರದ ಗಾಡಿ. ಕಡಲ ದಂಡೆಯ ಊರಿಗೆ ಹೋಗಿ ಮಾರನೆಯ ದಿನ ಬರುತ್ತದೆ. ಬಂದಾಗ ಸೀಟಿನ ಕೆಳಗೆಲ್ಲ ಉಸುಕು. ಅಮ್ಮ ಹದಿನೆಂಟು ವರ್ಷದಿಂದ ಆ ಉಸುಕನ್ನು ಗುಡಿಸಿ ಚೆಲ್ಲುತ್ತಿದ್ದಾಳೆ, ಸಮುದ್ರ ನೋಡಿಲ್ಲ. ತೊಳೆದ ಬಸ್ಸುಗಳನ್ನು ಡೀಸೆಲ್ ಪಂಪಿನ ಸಾಲಿಗೆ ಬಿಡಬೇಕಾದ ಡ್ರೈವರುಗಳು ಚಹಾಕ್ಕೆ ಹೋದವರು ಬರುವುದಿಲ್ಲ. ಹಾಗಾಗಿ ಆ ಕೆಲಸವನ್ನೂ ಇವಳೇ ಕಲಿತುಬಿಟ್ಟಿದ್ದಾಳೆ. ಎರಡು ಬಸ್ಸುಗಳ ನಡುವೆ ಗೇಣು ಜಾಗ ಬಿಟ್ಟು ಹಿಂದಕ್ಕೆ ನುಗ್ಗಿಸಿ ನಿಲ್ಲಿಸುತ್ತಾಳೆ. ಡಿಪೋದಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ರಿವರ್ಸ್ ಅಕ್ಕ ಎಂದು.

"ಎರಡು ಸಲ ಕೇಳಿದೆ, ತಗೊಳ್ಲಿಲ್ಲ," ಎಂದಳು ಹಾಳೆ ಮಡಚುತ್ತಾ. "ಈಗ ಮೂರ್ನೇ ಸಲ ನೋಟೀಸ್ ಹಾಕಿದಾರೆ. ಒಳಗಿನ ನೌಕರರಿಗೆ ಡ್ರೈವರ್ ಟ್ರೇನಿಂಗು, ಆರು ತಿಂಗಳು. ನಲವತ್ತೈದು ತುಂಬಿರ್ಬಾರ್ದು. ನಂಗೆ ಇನ್ನೆರಡು ತಿಂಗಳಿಗೆ ತುಂಬುತ್ತೆ. ಈ ಸಲ ಆಫೀಸಿಗೆ ನಾನೇ ಹೋಗಿ, ಯಾಕೆ ನನ್ನ ಬಿಟ್ರಿ ಅಂತ ಕೇಳೇ ಕೇಳ್ತೀನಿ."

"ಅಲ್ಲಿ ಹೋಗಿ ಯಾಕೆ ಮರ್ಯಾದೆ ಕಳ್ಕೊಳ್ತೀಯಾ?" ಎಂದು ಅಪ್ಪ ತಟ್ಟೆ ಬಿಟ್ಟು ಕೈ ತೊಳೆಯಲು ಎದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ನಾನೂ ಎದ್ದೆ. ನನ್ನ ಹೆಗಲ ಮೇಲೂ ಕುಂಬಳಕಾಯಿ ಇತ್ತು.

ಹೇಳಿಬಿಡುತ್ತೇನೆ. ಆ ಎರಡು ಅರ್ಜಿಗಳನ್ನೂ ಬರೆದವಳು ನಾನು.

ಮೊದಲನೆಯದು ನನಗೆ ಹನ್ನೆರಡು ವರ್ಷವಾಗಿದ್ದಾಗ. ನನ್ನ ಅಕ್ಷರ ದುಂಡಗೆ, ಮುದ್ದಾಗಿತ್ತು. ಮನೆಯ ಅರ್ಜಿಗಳೆಲ್ಲ ನನ್ನ ಕೈಯಲ್ಲೇ ಆಗುತ್ತಿದ್ದವು. ತರಬೇತಿಗೆ ಒಪ್ಪಿಗೆ ಇದೆಯೋ ಇಲ್ಲವೋ ಎಂದು ನೌಕರರು ಬರೆದುಕೊಡಬೇಕಿತ್ತು. ‘ಒಪ್ಪಿಗೆ ಇದೆ ಅಂತ ಬರೆದಿಡಿ, ಬೆಳಿಗ್ಗೆ ಸೈನ್ ಹಾಕಿ ಹೋಗ್ತೀನಿ,’ ಎಂದು ಅಮ್ಮ ಅಪ್ಪನಿಗೆ ಹೇಳಿದ್ದಳು. ಅಪ್ಪ ನನ್ನನ್ನು ಕೂರಿಸಿಕೊಂಡು ‘ಒಪ್ಪಿಗೆ ಇರುವುದಿಲ್ಲ’ ಎಂದು ಬರೆಸಿದ. ನಾನು ಸ್ಕೇಲು ಇಟ್ಟು ಕೆಂಪು ಶಾಯಿಯಲ್ಲಿ ಮಾರ್ಜಿನ್ ಬೇರೆ ಎಳೆದೆ. ಬೆಳಿಗ್ಗೆ ಐದಕ್ಕೆ ಅಮ್ಮ ಒಂದು ಕೈಯಲ್ಲಿ ಊಟದ ಡಬ್ಬಿ ಹಿಡಿದು, ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಓದದೆ ಸೈನು ಹಾಕಿ ಹೋದಳು. ಎರಡನೆಯ ಸಲ ನನಗೆ ಹದಿನೇಳು. ಆಗಲೂ ಅದೇ ಮಾತು, ಅದೇ ಕೈ. ಪಟ್ಟಿ ಬಂದಾಗ ‘ನನ್ನ ಹೆಸರಿಲ್ಲ’ ಎಂದು ಅಮ್ಮ ಹೇಳಿದಳು. ‘ಮುಂದಿನ ಸಲ ನೋಡೋಣ ಬಿಡು,’ ಎಂದ ಅಪ್ಪ. ಅವಳು ಬಡಿಸಿದಳು, ನಾವು ಉಂಡೆವು.

ಶನಿವಾರ ನನಗೆ ಅರ್ಧ ದಿನ. ಅಪ್ಪನೂ ಊಟಕ್ಕೆ ಬಂದಿದ್ದ. ಅಮ್ಮ ಒಳಗೆ ಬಂದವಳು ಒದ್ದೆ ಯೂನಿಫಾರ್ಮನ್ನೂ ಬಿಚ್ಚದೆ, ಎರಡು ಜೆರಾಕ್ಸ್ ಹಾಳೆಗಳನ್ನು ಅನ್ನದ ಪಾತ್ರೆಯ ಪಕ್ಕದಲ್ಲಿಟ್ಟಳು.

"ಇದು ಯಾರ ಅಕ್ಷರ?"

ನಾನು ಲೋಟಗಳಿಗೆ ನೀರು ಬಗ್ಗಿಸತೊಡಗಿದೆ.

"ನಿನ್ನನ್ನೇ ಕಣೇ ಕೇಳ್ತಿರೋದು!"

"ನಂದು."

"ಏನು ಬರೆದಿದೀಯಾ? ಓದು. ಜೋರಾಗಿ ಓದು."

"‘ಕೌಟುಂಬಿಕ ಕಾರಣಗಳಿಂದ ಚಾಲಕ ತರಬೇತಿಗೆ ನನ್ನ ಒಪ್ಪಿಗೆ ಇರುವುದಿಲ್ಲ...’"

"ಕೇಳಿಸ್ತಾ?" ಎಂದು ಅಪ್ಪನ ಕಡೆ ತಿರುಗಿದಳು. "ಆ ಗುಮಾಸ್ತ ನನ್ನ ಮುಖ ನೋಡಿ ನಕ್ಕ ಕಣ್ರೀ! ‘ನೀವೇ ಎರಡು ಸಲ ಬೇಡ ಅಂತ ಬರ್ಕೊಟ್ಟು, ಈಗ ನಮ್ಮನ್ನ ಬೈಯೋಕೆ ಬಂದಿದೀರಲ್ಲಕ್ಕ’ ಅಂದ. ಹನ್ನೊಂದು ವರ್ಷ ಆ ಆಫೀಸಿನೋರಿಗೆ ಶಾಪ ಹಾಕಿದೀನಿ ನಾನು. ಶಾಪ ಹಾಕ್ಬೇಕಾದೋರಿಗೆ ಬಿಸಿಬಿಸಿ ಬೇಯಿಸಿ ಹಾಕ್ತಿದ್ದೆ!"

"ಮೊದಲ್ನೇ ಸಲ ನಮ್ಮಮ್ಮನ ಸೊಂಟ ಮುರಿದಿತ್ತು," ಎಂದ ಅಪ್ಪ. "ಎರಡ್ನೇ ಸಲ ಇವಳ ಪರೀಕ್ಷೆ. ಆರು ತಿಂಗಳು ನೀನು ಬೇರೆ ಊರಿಗೆ ಹೋದ್ರೆ ಮನೆ ಗತಿ ಏನು? ಯಾವಾಗ ಕರೆದ್ರೂ ಮನೇಲಿ ಏನೋ ಒಂದು ಇದ್ದೇ ಇತ್ತು. ನಾನೇನು ನಂಗೋಸ್ಕರ ಮಾಡಿದ್ನಾ?"

"ಅದನ್ನ ನಂಗೆ ಹೇಳ್ಬೇಕಿತ್ತು! ಅತ್ತೆ ಸೊಂಟ ನಂಗೆ ಕಾಣ್ತಿರ್ಲಿಲ್ವಾ? ನಾನೇ ಬೇಡ ಅಂತ ಬರೀತಿದ್ನೋ ಏನೋ. ಬೇಡ ಅನ್ನೋದೂ ನನ್ನ ಬಾಯಲ್ಲೇ ಬರ್ಬೇಕಿತ್ತು ಕಣ್ರೀ. ನನ್ನ ಬಾಯಿಗೆ ನೀವು ಯಾಕೆ ಕೈ ಹಾಕಿದ್ರಿ?"

ಅಪ್ಪ ಸಾರು ಬಡಿಸಿಕೊಳ್ಳಲು ಹೋದ. ಅಮ್ಮ ಸೌಟು ಕಿತ್ತುಕೊಂಡಳು. ಆಮೇಲೆ ನನ್ನ ಸರದಿ.

"ಹನ್ನೆರಡರಲ್ಲಿ ಮಗು, ಹೋಗ್ಲಿ. ಹದಿನೇಳರಲ್ಲಿ? ಒಪ್ಪಿಗೆ ಇಲ್ಲ ಅಂದ್ರೆ ಏನು ಅಂತ ಗೊತ್ತಿರ್ಲಿಲ್ವಾ ನಿಂಗೆ?"

"ಗೊತ್ತಿತ್ತು."

"ಮತ್ತೆ?"

"ಪರೀಕ್ಷೆ ಇತ್ತು. ನೀನು ಮನೇಲಿ ಬೇಕಿತ್ತು."

"ಬೇಕಿತ್ತಂತೆ!" ಎಂದು ಅಮ್ಮ ಕೂಗಿದ ರಭಸಕ್ಕೆ ಪಕ್ಕದ ಕ್ವಾರ್ಟರ್ಸಿನ ರೇಡಿಯೋ ಬಂದ್ ಆಯಿತು. "ನಿಮಗೆಲ್ಲ ನಾನು ಬೇಕು. ನಂಗೆ ಏನು ಬೇಕು ಅಂತ ಈ ಮನೇಲಿ ಒಂದು ನಾಯಿನೂ ಕೇಳಿಲ್ಲ!"

ನಮ್ಮ ಮನೆಯಲ್ಲಿ ನಾಯಿ ಇಲ್ಲ. ಅಜ್ಜಿಗೆ ಅದನ್ನು ಹೇಳಬೇಕೆನಿಸಿತ್ತೇನೋ, ಬಾಯಿ ತೆರೆದು ಮುಚ್ಚಿಕೊಂಡಳು.

ಅಂದಿನಿಂದ ಹೊಸ ಕಾನೂನು ಶುರುವಾಯಿತು. ಅಡುಗೆ ನಿಲ್ಲಿಸಲಿಲ್ಲ, ಮಾತು ಬಿಡಲಿಲ್ಲ. ಮನೆಗೆ ಬಂದ ಯಾವ ಕಾಗದವನ್ನಾದರೂ ಅವಳ ಮುಂದೆ ಜೋರಾಗಿ ಓದಬೇಕು, ಅಷ್ಟೇ. ಓದಿ ಮುಗಿಯುವವರೆಗೆ ಯಾರ ತಟ್ಟೆಗೂ ಅನ್ನ ಬೀಳುವುದಿಲ್ಲ. ನಾವಿರುವ ಕ್ವಾರ್ಟರ್ಸು ಅವಳ ಹೆಸರಿನಲ್ಲಿದೆ, ಗ್ಯಾಸು ಅವಳ ಹೆಸರಿನಲ್ಲಿದೆ. ಹಾಗಾಗಿ ಕಾಗದಗಳಿಗೆ ಬರವಿರಲಿಲ್ಲ. ಕ್ವಾರ್ಟರ್ಸ್ ನವೀಕರಣದ ಫಾರಂ ಬಂದ ದಿನ ಅಪ್ಪ ನಾಲ್ಕು ಪುಟ ಓದಿದ. ಹದಿನಾರನೆಯ ಷರತ್ತಿನ ಹೊತ್ತಿಗೆ ಅನ್ನ ಆರಿ ಗಟ್ಟಿಯಾಗಿತ್ತು.

"ಇದು ಮನೆಯಾ, ಕೋರ್ಟಾ?"

"ಕೋರ್ಟಲ್ಲಾದ್ರೆ ಓದಿ ಹೇಳಿ ಆಮೇಲೆ ಸೈನ್ ತಗೋತಾರೆ. ಇಲ್ಲಿ ಅದೂ ಇರ್ಲಿಲ್ಲ. ಹದಿನೇಳ್ನೇದು ಓದಿ."

ಅಜ್ಜಿಯ ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನೂ ನಾನು ಓದಿದೆ. ಬಾಯಿ ಒಣಗುವುದು, ತಲೆ ಸುತ್ತುವುದು, ಅಕಾರಣ ಸಿಟ್ಟು. "ಆ ಕೊನೇದು ನೋಡಿದ್ರೆ ನಿಮ್ಮಮ್ಮನೂ ನನ್ನ ಮಾತ್ರೆ ನುಂಗಿರ್ಬೇಕು," ಎಂದಳು ಅಜ್ಜಿ.

"ನಂದು ಅಕಾರಣ ಅಲ್ಲ ಅತ್ತೆ," ಎಂದಳು ಅಮ್ಮ ಒಲೆ ಕಡೆಯಿಂದಲೇ.

ಅರ್ಜಿಯನ್ನು ಈ ಸಲ ಅಮ್ಮನೇ ಬರೆದಳು. ಮೂರು ಸಂಜೆ ಹಿಡಿಯಿತು. ಸಾಲುಗಳು ಮೇಲಕ್ಕೇರಿದ್ದವು, ಒತ್ತಕ್ಷರ ಅರ್ಧಕ್ಕರ್ಧ ತಪ್ಪು. ಒಂದನ್ನಾದರೂ ತಿದ್ದೋಣವೆಂದು ಪೆನ್ನು ಚಾಚಿದೆ.

"ತೆಗಿ ಕೈ!"

"ತಪ್ಪಿದೆ ಅಮ್ಮ."

"ಇರ್ಲಿ. ತಪ್ಪಾದ್ರೂ ನಂದು."

ಆದರೆ ಡಿಪೋ ಮ್ಯಾನೇಜರ್ ಕೊಕ್ಕೆ ಹಾಕಿದ. ಕಡತದಲ್ಲಿ ಎರಡು ‘ಒಪ್ಪಿಗೆ ಇಲ್ಲ’ ಇದ್ದವರನ್ನು ಮೂರನೆಯ ಸಲ ಪರಿಗಣಿಸುವ ಹಾಗಿಲ್ಲವಂತೆ. ಅವು ತನ್ನ ಇಚ್ಛೆಯಲ್ಲ ಎನ್ನುವುದಾದರೆ, ಬರೆದವರು, ಬರೆಸಿದವರು ಅದನ್ನು ಒಪ್ಪಿ ಸಹಿ ಹಾಕಿದ ಪತ್ರ ಬರುವ ಶುಕ್ರವಾರದೊಳಗೆ ತರಬೇಕು. ಇದನ್ನು ಅಮ್ಮ ಸೋಮವಾರ ರಾಗಿ ಹಿಟ್ಟಿನ ಡಬ್ಬಿ ಒರೆಸುತ್ತಾ ಹೇಳಿದಳು. ದನಿ ತಗ್ಗಿತ್ತು, ಡಬ್ಬಿಯನ್ನು ಮಾತ್ರ ಮೂರು ಸಲ ಒರೆಸಿದಳು.

ನಾನು ಅಂದೇ ನನ್ನ ಪತ್ರ ಬರೆದು ಓದಿದೆ. "‘ತಂದೆಯವರು ಹೇಳಿದಂತೆ, ತಾಯಿಯವರಿಗೆ ತಿಳಿಸದೆ...’"

"ಅಷ್ಟೇನಾ? ಪರೀಕ್ಷೆ ವಿಷ್ಯ ಎಲ್ಲಿ ಹೋಯ್ತು?"

‘ನನಗೆ ಅನುಕೂಲವಾಗಲೆಂದು’ ಎಂದು ಸೇರಿಸಿದೆ. ಅಷ್ಟು ಬರೆಯುವುದರೊಳಗೆ ನನ್ನ ಮುದ್ದಾದ ಅಕ್ಷರದ ಮೇಲೆ ನನಗೇ ಅಸಹ್ಯ ಹುಟ್ಟಿತ್ತು.

ಅಪ್ಪ ಜಪ್ಪಯ್ಯ ಎನ್ನಲಿಲ್ಲ. ಮಂಗಳವಾರ ಇಲ್ಲ, ಬುಧವಾರ ಇಲ್ಲ. ಗುರುವಾರ ಸಂಜೆ ಅಮ್ಮ ಕಾಗದವನ್ನೂ ಪೆನ್ನನ್ನೂ ಅವನ ಚಹಾ ಲೋಟದ ಪಕ್ಕ ಇಟ್ಟಳು.

"ಹಾಕಲ್ಲ," ಎಂದ. "ನನ್ನ ಅಂಗಡಿಗೆ ಬರೋ ಗಿರಾಕಿ ಅರ್ಧ ಜನ ಡಿಪೋದೋರು. ಡ್ರೈವರ್‌ಗಳ ಖಾಕಿ ಶರ್ಟು ಹೊಲಿಯೋನು ನಾನು. ಹೆಂಡ್ತಿಗೆ ಮೋಸ ಮಾಡ್ದೆ ಅಂತ ಬರ್ಕೊಟ್ಟು, ನಾಳೆ ಅವರ ಕತ್ತಿನ ಅಳತೆ ಹೇಗೆ ತಗೊಳ್ಲಿ?"

"ಮಾಡೋವಾಗ ಇರ್ದಿದ್ದ ನಾಚಿಕೆ ಹೇಳೋವಾಗ ಎಲ್ಲಿಂದ ಬಂತು?"

"ಅಪ್ಪಾ, ಹಾಕು," ಎಂದೆ ನಾನು. "ನಾನು ಹಾಕಿಲ್ವಾ?"

"ನೀನು ಬಾಯಿ ಮುಚ್ಚು! ಆಗ್ಲೇ ‘ನಿಮ್ಮ ಮನೆಯೋರೂ ನಮ್ಮ ಸೀಟಲ್ಲಿ ಕೂರ್ತಾರಂತಲ್ಲ ಮಾಸ್ಟ್ರೇ’ ಅಂತ ಹಲ್ಲು ಕಿರೀತಿದ್ರು ಅವರು. ಹನ್ನೊಂದು ವರ್ಷದ ಹಿಂದೇನೇ! ಎಷ್ಟು ಜನರ ಬಾಯಿ ಮುಚ್ಚಿಸ್ಲಿ ನಾನು?"

ಅಮ್ಮ ಅವನನ್ನೇ ನೋಡಿದಳು. "ಓಹೋ. ಹಾಗಾದ್ರೆ ಅತ್ತೆ ಸೊಂಟವೂ ಅಲ್ಲ, ಇವಳ ಪರೀಕ್ಷೆಯೂ ಅಲ್ಲ."

ಅಪ್ಪನಿಗೆ ತಾನು ಏನು ಹೇಳಿಬಿಟ್ಟೆ ಎಂದು ಆಗ ಗೊತ್ತಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಅಂಗಡಿಯ ಬೀಗದ ಕೈಗೆ ತಡಕಾಡಿದ.

ಮಂಚದ ಮೇಲಿಂದ ಅಜ್ಜಿ ಕೆಮ್ಮಿದಳು. "ಏ ಹುಡುಗಿ, ನಿನ್ನ ಆಫೀಸಿನ ಇಂಕಿನ ಪ್ಯಾಡ್ ಇದೆಯಾ?"

"ಯಾಕಜ್ಜಿ?"

"ನಂಗೆ ಓದೋಕೆ ಬರಲ್ಲ, ಕಿವಿ ಕೇಳುತ್ತೆ. ಮೊದಲ್ನೇ ಸಲ ಇವನು ಹೇಳಿ ಬರೆಸ್ದಾಗ ಇದೇ ಮಂಚದ ಮೇಲೆ ಬಿದ್ಕೊಂಡಿದ್ದೆ. ಎಲ್ಲಾ ಕೇಳಿಸ್ತು. ಸೊಸೆ ಹೊರಟೋದ್ರೆ ನನ್ನ ಎತ್ತಿ ಕೂರಿಸೋರು ಯಾರು ಅಂತ ಸುಮ್ನಿದ್ದೆ. ಅದನ್ನೂ ಬರಿ. ಬರೆದು ಓದಿ ಹೇಳು, ಹೆಬ್ಬೆಟ್ಟು ಒತ್ತುತೀನಿ."

"ಅಮ್ಮಾ, ನೀನೂನಾ?" ಎಂದ ಅಪ್ಪ.

"ಉಪ್ಪು ತಿಂದೋಳು ನೀರು ಕುಡೀಲೇಬೇಕಪ್ಪ. ನೀನೂ ಕುಡಿ, ಗಂಟಲಿಗೆ ಒಳ್ಳೇದು."

ಅಪ್ಪ ಕುಡಿಯಲಿಲ್ಲ. ಚಹಾವನ್ನೂ ಬಿಟ್ಟು ಎದ್ದು ಹೋದ. ಅಮ್ಮ ಅಜ್ಜಿಯ ಹೆಬ್ಬೆರಳಿನ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಕ್ಷಮಿಸಿದಳೆಂದು ನಾನು ಹೇಳಲಾರೆ. ಒರೆಸುವಾಗ ಕೈ ಒರಟಾಗಿಯೇ ಇತ್ತು.

ಶುಕ್ರವಾರ ಅಪ್ಪನ ಸಹಿಯಿಲ್ಲದೆಯೇ ಕಾಗದಗಳು ಹೋದವು. ‘ನೋಡೋಣ, ಮೇಲಿನವರಿಗೆ ಕಳಿಸ್ತೀನಿ,’ ಎಂದನಂತೆ ಮ್ಯಾನೇಜರ್. ಮುಂದಿನ ವಾರ ಗಾಡಿ ಓಡಿಸುವ ಪರೀಕ್ಷೆಗೆ ಎಲ್ಲರ ಜೊತೆ ಅವಳನ್ನೂ ಕರೆದರು. ಹಿಂದಕ್ಕೆ ತೆಗೆದು ನಿಲ್ಲಿಸುವುದರಲ್ಲಿ ಇಪ್ಪತ್ತೈದರ ಹುಡುಗರು ಕಂಬಕ್ಕೆ ತಾಗಿಸಿದರಂತೆ. ಇವಳು ಒಂದೇ ಸಲಕ್ಕೆ ನಿಲ್ಲಿಸಿ ಇಳಿದಳಂತೆ. ನಮಗೆ ಅದನ್ನು ಹೇಳಿದ್ದು ಅವಳಲ್ಲ, ಪಕ್ಕದ ಮನೆಯ ಕಂಡಕ್ಟರ್.

ಅದೇ ವಾರ ನನ್ನ ಕಚೇರಿಯಿಂದ ಬಡ್ತಿಯ ಕಾಗದ ಬಂತು. ಸಂಬಳ ಜಾಸ್ತಿ, ಮೂರು ವರ್ಷ ಬಿಟ್ಟು ಹೋಗುವ ಹಾಗಿಲ್ಲ ಎಂಬ ಬಾಂಡು. ಊಟಕ್ಕೆ ಮುಂಚೆ ಜೋರಾಗಿ ಓದಿದೆ.

"ಸೈನ್ ಹಾಕ್ಬಿಡು, ಒಳ್ಳೇ ಕೆಲ್ಸ," ಎಂದ ಅಪ್ಪ ಅಭ್ಯಾಸಬಲದಿಂದ. ಎಂದವನು ತಟಕ್ಕನೆ ನಿಲ್ಲಿಸಿದ.

"ನಿಂಗೆ ಬೇಕಾ ಇದು?" ಎಂದಳು ಅಮ್ಮ.

"ಗೊತ್ತಿಲ್ಲ."

"ಗೊತ್ತಾಗೋವರೆಗೂ ಪೆನ್ನು ಮುಟ್ಬೇಡ. ಸಂಬಳ ಜಾಸ್ತಿ ಅಂತ ಹೂಂ ಅಂದು, ಆಮೇಲೆ ನನ್ನ ಥರ ಉಸುಕು ಗುಡಿಸ್ತಾ ಕೂರ್ಬೇಡ." ಆಮೇಲೆ ನನ್ನ ತಟ್ಟೆಗೆ ಅನ್ನ ಹಾಕಿದಳು. ಆ ಶನಿವಾರದ ಜಗಳದ ಮೇಲೆ ಅವಳು ನನಗೆ ತಾನಾಗಿ ಬಡಿಸಿದ್ದು ಅದೇ ಮೊದಲು. ಆ ಬಾಂಡು ಇನ್ನೂ ನನ್ನ ಬ್ಯಾಗಿನಲ್ಲೇ ಇದೆ.

ಉತ್ತರ ಬಂದದ್ದು ಐದು ವಾರದ ಮೇಲೆ, ಒಂದು ಭಾನುವಾರ. ಕಂಡಕ್ಟರ್ ಲಕೋಟೆ ತಂದು ಕೊಟ್ಟ. ಅಮ್ಮ ಅದನ್ನು ಒಡೆಯಲಿಲ್ಲ. ನನಗೂ ಕೊಡಲಿಲ್ಲ. ಮೊಟ್ಟೆ ಸುಲಿಯುತ್ತಿದ್ದ ಅಪ್ಪನ ಮುಂದೆ ಇಟ್ಟಳು.

"ಓದಿ."

"ಇವಳು ಓದ್ತಾಳೆ."

"ನೀವು ಓದಿ. ಜೋರಾಗಿ."

ಅಪ್ಪ ಕೈ ಒರೆಸಿಕೊಂಡು ಒಡೆದ. ಕನ್ನಡಕ ಹುಡುಕಲು ಎರಡು ನಿಮಿಷ ತೆಗೆದುಕೊಂಡ. ಅದು ಮೂಗಿನ ಮೇಲೇ ಇತ್ತು.

"‘ವಿವರಣೆಯನ್ನು ಪರಿಶೀಲಿಸಲಾಗಿದೆ... ಸದರಿ ನೌಕರರನ್ನು ಚಾಲಕ ತರಬೇತಿಗೆ... ಆಯ್ಕೆ ಮಾಡಲಾಗಿದೆ.’"

ಅಜ್ಜಿ ಮಂಚದ ಮೇಲೆ ಎದ್ದು ಕೂತಳು. ನಾನು ಅಮ್ಮನ ಮುಖ ನೋಡಿದೆ. ಅದು ಅಲುಗಲಿಲ್ಲ.

"ಇನ್ನೂ ಇದೆಯಲ್ಲ. ಓದಿ."

"‘ತರಬೇತಿಯ ನಂತರ ಹನ್ನೆರಡು ವರ್ಷ ನಗರ ಸಾರಿಗೆಯಲ್ಲಿ ಸೇವೆ ಸಲ್ಲಿಸಿದವರನ್ನು ಮಾತ್ರ ದೂರದ ಮಾರ್ಗಗಳಿಗೆ...’" ಅಪ್ಪ ನಿಲ್ಲಿಸಿದ. ಅಳತೆ ಲೆಕ್ಕ ಹಾಕಿ ಹಾಕಿ ಪಳಗಿದ ತಲೆ ಅವನದು. "ನಲವತ್ತೈದಕ್ಕೆ ಸೇರಿದ್ರೆ ಐವತ್ತೇಳು. ಐವತ್ತೆಂಟಕ್ಕೆ ರಿಟೈರು. ಸಮುದ್ರದ ಬಸ್ಸು ನಿಂಗೆ ಸಿಗೋದು ಒಂದೇ ಒಂದು ವರ್ಷ ಕಣೇ!" ಕಾಗದವನ್ನು ಮೇಜಿನ ಮೇಲೆ ಹಾಕಿದ. ದನಿಯಲ್ಲಿ ಗೆದ್ದವನ ಉತ್ಸಾಹವೇ ಬಂದಿತ್ತು. "ಒಂದು ವರ್ಷಕ್ಕೋಸ್ಕರ ಮನೆ ಮಾನ ಎಲ್ಲಾ ಆಫೀಸಿಗೆ ಬರೆದುಕೊಟ್ಟು ಬಂದೆಯಾ? ಒಂದು ವರ್ಷಕ್ಕೆ?"

ಅಮ್ಮನಿಗೆ ಆ ಲೆಕ್ಕ ಮೊದಲೇ ಗೊತ್ತಿತ್ತು. ಅವಳ ಕಣ್ಣು ನೋಡಿದಾಗಲೇ ನನಗೆ ತಿಳಿಯಿತು. ನೋಟೀಸ್ ಬೋರ್ಡಿನ ಮುಂದೆ ನಿಂತು ಬೆರಳು ಮಡಚಿ ಎಣಿಸಿಕೊಂಡೇ ಅವಳು ಅರ್ಜಿ ಬರೆದಿದ್ದಳು.

"ಮೊದಲ್ನೇ ಸಲಾನೇ ಹೋಗಿದ್ರೆ ಆ ಬಸ್ಸು ಹನ್ನೆರಡು ವರ್ಷ ಸಿಗ್ತಿತ್ತು ಕಣ್ರೀ," ಎಂದಳು. ಈ ಸಲ ಕೂಗಲಿಲ್ಲ. "ಹನ್ನೆರಡರಲ್ಲಿ ಹನ್ನೊಂದು ನೀವು ತಿಂದ್ರಿ. ಉಳಿದಿರೋ ಒಂದರ ಮೇಲೂ ಕಣ್ಣಾ?"

ಅಪ್ಪನ ತಟ್ಟೆಯಲ್ಲಿ ಮೊಟ್ಟೆ ಅರ್ಧ ಸುಲಿದು ಬಿದ್ದಿತ್ತು. ಯಾರೂ ಊಟಕ್ಕೆ ಕೈ ಹಾಕಲಿಲ್ಲ. ಅಮ್ಮ ಕಾಗದವನ್ನು ಎತ್ತಿ, ಮತ್ತೆ ಅವನ ಕೈಗೇ ಕೊಟ್ಟಳು.

"ಎಲ್ಲಿಗೆ, ಯಾವತ್ತು ಬರ್ಬೇಕು ಅಂತ ಬರೆದಿರ್ತಾರೆ ನೋಡಿ ಕೆಳಗಡೆ. ಓದಿ."

ಅಪ್ಪ ಓದಿದ.

"ಕೇಳಿಸ್ಲಿಲ್ಲ," ಎಂದಳು ಅಮ್ಮ. "ಜೋರಾಗಿ."